ಸೊನ್ನೆ ತೋರಿಸಿದ ಡಬ್ಬಿ

"ಅವರ ಮನೇಲಿ ಒಲೆ ಹಚ್ಚೋದು ಅಡುಗೆಗಲ್ಲ, ಡಬ್ಬಿಗೆ" ಅಂತ ಕಾರ್ಖಾನೆ ಕ್ವಾರ್ಟರ್ಸಿನವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಕಾರ್ಖಾನೆಯ ಬಾಯ್ಲರಿಗೆ ಹೊಸ ಕಂಪ್ಯೂಟರ್ ಬಂದರೆ, ಅದನ್ನು ಕೂರಿಸುವ ಕೆಲಸದ ಡಬ್ಬಿಯಣ್ಣ (ಕ್ವಾರ್ಟರ್ಸಿನವರೇ ಇಟ್ಟ ಹೆಸರು) ಮೊದಲು ಮನೆಗೆ ತಂದು ಪರೀಕ್ಷಿಸುತ್ತಿದ್ದ. ಮೇಜಿನ ಮೇಲಿಡುವಂಥದ್ದಲ್ಲ ಅದು. ಇಟ್ಟಿಗೆಯಂಥ ಅಲ್ಯೂಮಿನಿಯಂ ಡಬ್ಬಿ, ಬಿಸಿ ಹೊರಹೋಗಲು ಬೆನ್ನ ತುಂಬ ಏಣು, ಕಿವಿಯ ಹಾಗೆ ಎರಡು ಆಂಟೆನಾ. ಒಲೆಯ ಮೇಲಿನ ಹಲಗೆಯಲ್ಲಿಟ್ಟು ಒಂದು ವಾರ ಹಬೆ, ಹೊಗೆ ಕುಡಿಸುತ್ತಿದ್ದ.

"ನನ್ನ ಅಡುಗೆಮನೆ ತಡ್ಕೊಂಡ್ರೆ ಬಾಯ್ಲರ್ ಯಾವ ಲೆಕ್ಕ, ಅಲ್ವೇನ್ರೀ?" ಅಂತ ಹೆಂಡತಿ ಕೆಣಕುತ್ತಿದ್ದಳು.

"ನಾನೇ ಹದಿನೆಂಟು ವರ್ಷ ತಡ್ಕೊಂಡಿಲ್ವೇನೇ?"

ಹಾಗೆ ಪಾಸಾದ ಡಬ್ಬಿ ಬಾಯ್ಲರ್ ಪೈಪಿನೊಳಗಿನ ಹಬೆಯ ಒತ್ತಡ ಅಳೆದು, ತಂತಿಯಿಲ್ಲದೆ ಕಂಟ್ರೋಲ್ ರೂಮಿನ ಪರದೆಗೆ ಕಳಿಸುತ್ತಿತ್ತು. ಬಾಯ್ಲರ್ ನೋಡಿಕೊಳ್ಳುವವನು ಹೆಂಡತಿಯ ತಮ್ಮನೇ. ಕಬ್ಬಿಣ ಹೊತ್ತ ಗಾಡಿ ಅಡ್ಡ ಬಂದಾಗಲೆಲ್ಲ ಸಂಪರ್ಕ ತಪ್ಪಿ ಎಚ್ಚರಿಕೆ ಗಂಟೆ ಬಡಿದುಕೊಳ್ಳುತ್ತಿತ್ತು, ದಿನಕ್ಕೆ ನಲವತ್ತು ಸಲ.

"ಭಾವ, ನಿಮ್ಮ ಡಬ್ಬಿಗೆ ಹೆರಿಗೆ ನೋವಾ?" ಅಂದ ಬಾಮೈದ. ಇಡೀ ಶೆಡ್ಡು ನಕ್ಕಿತು.

ಆ ನಗು ಡಬ್ಬಿಯಣ್ಣನಿಗೆ ಚುಚ್ಚಿತು. ಅಂದೇ ಒಂದು ಬದಲಾವಣೆ ಮಾಡಿದ: ಸಂಪರ್ಕ ತಪ್ಪಿದರೆ ಗಂಟೆ ಬೇಡ, ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತಿರಲಿ. ಗಲಾಟೆ ಅಡಗಿತು. ಎಲ್ಲರೂ ಭೇಷ್ ಅಂದರು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರಿಪೇರಿಗೆಂದು ಪೈಪು ಖಾಲಿ ಮಾಡಿದರು. ಪರದೆಯಲ್ಲಿ ಸೊನ್ನೆ ಬಂತು. ಅದೇ ಹೊತ್ತಿಗೆ ಡಬ್ಬಿಯ ಆಂಟೆನಾಗಳು ಕಳಚಿ ಸಂಪರ್ಕ ತಪ್ಪಿತು. ಮುಚ್ಚಿದ್ದ ವಾಲ್ವ್ ಸೋರಿ ಹಬೆ ಮತ್ತೆ ತುಂಬಿತು. ಪರದೆ ಸೊನ್ನೆಯನ್ನೇ ಹಿಡಿದು ಕೂತಿತ್ತು. ಬಾಮೈದ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಒತ್ತಡ ಎಷ್ಟೆಂದು ಕೇಳಿದ, ಸೊನ್ನೆ ಅಂದರು, ಪೈಪಿನ ಬೋಲ್ಟು ಸಡಿಲಿಸಿದ. ಎರಡೂ ಕೈ ಬೆಂದುಹೋದವು.

ಪೈಪಿನ ಮೇಲಿನ ಒತ್ತಡ ಮಾಪಕದ ಮುಳ್ಳು ನೋಡದೆ ಬಿಚ್ಚಿದ್ದು ಅವನದೇ ತಪ್ಪು, ಕೆಲಸದಿಂದ ತೆಗೆಯಬೇಕು ಅಂದರು ಮ್ಯಾನೇಜರು. "ಡಬ್ಬಿ ಹೇಗಿದೆಯಪ್ಪಾ?" ಅಂತ ಕೇಳಿದಾಗ, "ಸರಿಯಾಗಿದೆ ಸಾರ್" ಅಂದುಬಿಟ್ಟ ಡಬ್ಬಿಯಣ್ಣ. ನಾಲಿಗೆ ತಾನಾಗೇ ಹೊರಳಿತ್ತು.

ಆಸ್ಪತ್ರೆಯಲ್ಲಿ ಬಾಮೈದ, "ಸೊನ್ನೆ ಅಂದ್ರು ಭಾವ. ನನಗೇನು ತಲೆ ಕೆಟ್ಟಿತ್ತಾ?" ಅಂದ.

ಡಬ್ಬಿಯಣ್ಣ ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಕಕ್ಕಿದ. "ಹೇಳಿದ್ರೆ ಕೆಲಸ, ಮನೆ ಎರಡೂ ಹೋಗುತ್ತೆ ಕಣೇ."

ಅವಳು ಉಜ್ಜುತ್ತಿದ್ದ ಪಾತ್ರೆ ಕೆಳಗಿಟ್ಟಳು. "ದಿನಾ ಆಸ್ಪತ್ರೇಲಿ ಅವನ ಬಾಯಿಗೆ ತುತ್ತಿಡ್ತಿರೋಳು ನಾನು. ನೀವು ಹೇಳ್ದೇ ಇದ್ರೆ ಯಾವ ಮುಖ ಇಟ್ಕೊಂಡು ತುತ್ತಿಡ್ಲಿ?"

ವಿಚಾರಣೆಯ ದಿನ ಡಬ್ಬಿಯಣ್ಣ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಸಂಪರ್ಕ ಕಡಿದ ನಿಮಿಷ ಅದರೊಳಗೇ ದಾಖಲಾಗಿತ್ತು. ಗಂಟೆ ತೆಗೆದು ಹಳೇ ಅಂಕಿ ತೋರಿಸುವಂತೆ ಮಾಡಿದ್ದು ತಾನೇ ಎಂಬುದನ್ನು ತನ್ನ ಬಾಯಿಂದ ಹೇಳಿದ. ಬಾಮೈದನ ಕೆಲಸ ಉಳಿಯಿತು, ಡಬ್ಬಿಯಣ್ಣನದು ಹೋಯಿತು. ಬಾಮೈದ ಅವನೊಡನೆ ಇನ್ನೂ ಮಾತಾಡಿರಲಿಲ್ಲ. ಕ್ವಾರ್ಟರ್ಸ್ ಖಾಲಿ ಮಾಡುವ ದಿನ ಹೆಂಡತಿ ಸಾಮಾನಿನ ಜೊತೆ ಮುಂಚೆಯೇ ತಮ್ಮನ ಮನೆಗೆ ಹೋದಳು.

ಡಬ್ಬಿಯಣ್ಣ ಕಡೆಯದಾಗಿ ಅಡುಗೆಮನೆ ನೋಡಿದ. ಹೊಗೆ ಹಿಡಿದ ಗೋಡೆಯಲ್ಲಿ ಡಬ್ಬಿ ಇಡುತ್ತಿದ್ದ ಕಡೆ ಇಟ್ಟಿಗೆಯಗಲದ ಬಿಳಿ ಚೌಕ ಉಳಿದಿತ್ತು. ಬೀಗ ಹಾಕಿ ಬೀಗದಕೈಯನ್ನು ಪಕ್ಕದ ಮನೆಯಾಕೆಗೆ ಕೊಟ್ಟ.

"ಡಬ್ಬಿ ಎಲ್ಲಣ್ಣಾ?" ಅಂದಳು ಆಕೆ, ಅಭ್ಯಾಸಬಲದಿಂದ.

"ಆಫೀಸಲ್ಲಿಟ್ಕೊಂಡ್ರಮ್ಮ, ಸಾಕ್ಷಿಗೆ" ಅಂದು, ಬರಿಗೈಲಿ ಬಾಮೈದನ ಮನೆಯ ದಾರಿ ಹಿಡಿದ.