ಮುರಿದ ಎರಡು ಬೋಲ್ಟುಗಳ ಆಯುಧಪೂಜೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮೊದಲನೆಯ ಬೋಲ್ಟು ಮುರಿಯಿತು. ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ. ಭಾವ ಅಂದು ನಡುಮನೆಯ ಗೋಡೆ ಗಡಿಯಾರವನ್ನು ಇಳಿಸಿ ತಂದು ಲಾರಿಯ ಪಕ್ಕದಲ್ಲೊಂದು ಸ್ಟೂಲಿನ ಮೇಲೆ ಒರಗಿಸಿ ಇಟ್ಟಿದ್ದರು. ಆಯುಧಪೂಜೆ ಆ ವರ್ಷ ಶುಕ್ರವಾರ ಬಿದ್ದಿತ್ತು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಪೂಜೆ ಮುಗಿಯಬೇಕು. ಲೋಲಕ ನಿಂತುಹೋಗದಿರಲಿ ಎಂದು ಸ್ಟೂಲಿನ ಒಂದು ಕಾಲಿಗೆ ರಟ್ಟು ಮಡಿಸಿ ಕೊಟ್ಟು, ಬಗ್ಗಿ ನೋಡಿ, ಮತ್ತೆ ಸರಿಮಾಡಿದ್ದರು. ಆ ಗಡಿಯಾರಕ್ಕೆ ತೋರಿಸಿದ ಜಾಗ್ರತೆಯಲ್ಲಿ ಕಾಲುಭಾಗವನ್ನು ಲಾರಿಗೆ ತೋರಿಸಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಕಾಳುಕಡ್ಡಿಯ ಮಂಡಿ ಇಟ್ಟಿದ್ದ ಮನೆತನ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಯೊಂದನ್ನು ಹಿಡಿದು, ಚಾಮರಾಜಪೇಟೆಯ ತಮ್ಮ ಮನೆಯ ಪಕ್ಕದ ಖಾಲಿ ಜಾಗಕ್ಕೆ ತಗಡು ಹೊದಿಸಿ ಅದಕ್ಕೆ ಗ್ಯಾರೇಜು ಎಂದು ಹೆಸರಿಟ್ಟಿದ್ದರು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ, ಅವರ ಮನೆಯಲ್ಲೇ ಇದ್ದುಕೊಂಡು ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದೆ. ಭಾವನ ಪಾಲಿಗೆ ನನ್ನ ಹೆಸರೇ ‘ಬಿಯೆಸ್ಸಿ’. ಅಕ್ಕನಿಗೆ ಎರಡು ವರ್ಷ ತುಂಬದ ಒಂದು ಹೆಣ್ಣುಮಗು.

ಆ ಲಾರಿಯ ಮ್ಯಾನಿಫೋಲ್ಡು ಸೀಳಿಹೋಗಿ ತಿಂಗಳುಗಳಾಗಿದ್ದವು. ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಹೊಗೆಯನ್ನೆಲ್ಲ ಒಟ್ಟುಗೂಡಿಸಿ ಸೈಲೆನ್ಸರಿಗೆ ದಾಟಿಸುವ ಬೀಡುಕಬ್ಬಿಣದ ದಪ್ಪ ಕೊಳವೆ ಅದು. ಸೀಳಿದರೆ ಹೊಗೆ ಲಾರಿಯ ಹಿಂಬದಿಗೆ ಹೋಗದೆ ಬಾನೆಟ್ಟಿನೊಳಗೇ ನುಗ್ಗುತ್ತದೆ, ಜೊತೆಗೆ ಬಡಬಡ ಸದ್ದು. ಹೊಗೆಯ ವಿಷಯದಲ್ಲಿ ಭಾವನಿಗೆ ಚಿಂತೆಯೇ ಇರಲಿಲ್ಲ. ಸದ್ದು ಮಾತ್ರ ಮರ್ಯಾದೆಯ ಪ್ರಶ್ನೆಯಾಗಿತ್ತು. ಹಬ್ಬದ ದಿನ ಬಸವನಗುಡಿಯ ಗುಡಿಯ ಮುಂದೆ ನಾಲ್ಕು ಜನರ ನಡುವೆ ಲಾರಿ ಕೆಮ್ಮಬಾರದು. ಅದಕ್ಕಾಗಿ ಗುಜರಿಯಿಂದ ಇನ್ನೊಂದು ಮ್ಯಾನಿಫೋಲ್ಡು ತಂದರು. ತಿಂಗಳುಗಟ್ಟಲೆ ಬಿಟ್ಟು, ಹಬ್ಬದ ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಬಾಯಲ್ಲಿ ಬೀಡಿ ಕಚ್ಚಿಕೊಂಡೇ ಎಲ್ಲ ಕೆಲಸ ಮಾಡುವ ಮನುಷ್ಯ. ತುಕ್ಕು ತಿಂದು ಕಚ್ಚಿಕೊಂಡ ಬೋಲ್ಟುಗಳಿಗೆ ಹಿಂದಿನ ದಿನವೇ ಸೀಮೆಎಣ್ಣೆ ಬಿಟ್ಟು ನೆನೆಸಬೇಕು, ಬೆಂಕಿ ತೋರಿಸಿ ಬಿಸಿಮಾಡಬೇಕು, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ಆಡಿಸಿ ಬಿಚ್ಚಬೇಕು. ಇದನ್ನು ಮುಂದೆ ಹೇಳಿಕೊಟ್ಟವನೂ ಅದೇ ಮೇಸ್ತ್ರಿಯೇ. ಅಂದು ಮಾತ್ರ ಸ್ಪ್ಯಾನರಿನ ತುದಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿದ. ಪಟ್ ಎಂದಿತು. ಬೋಲ್ಟಿನ ತಲೆ ಹಾರಿ ತಗಡಿಗೆ ಬಡಿಯಿತು. ಮೈ ಎಂಜಿನ್ನಿನೊಳಗೇ ಉಳಿಯಿತು. ಭಾವ ಬೋಲ್ಟನ್ನು ನೋಡಲಿಲ್ಲ, ಗಡಿಯಾರ ನೋಡಿದರು.

“ಬೇಗ ಬೇಗ ಮೇಸ್ತ್ರಿ, ಹೊತ್ತಾಗ್ತಿದೆ!”

ಬೇಗ ಮಾಡಿದ. ಅದರ ಪಕ್ಕದ್ದೂ ಮುರಿಯಿತು. ಎರಡೂ ಹಿಂದಿನ ತುದಿಯವು, ಎಂದರೆ ಡ್ರೈವರು ಕೂರುವ ಕಡೆಯವು. ಉಳಿದವು ಹೇಗೋ ಬಿಚ್ಚಿ ಬಂದು ಹಳೆಯ ಮ್ಯಾನಿಫೋಲ್ಡು ಇಳಿಯಿತು.

ಮುರಿದ ಬೋಲ್ಟನ್ನು ಕೊರೆದು ತೆಗೆಯಬೇಕು, ಅದಕ್ಕೆ ಅರ್ಧ ದಿನ ಬೇಕು ಎಂದು ಮೇಸ್ತ್ರಿ ಹೇಳುತ್ತಿದ್ದ ಹಾಗೆಯೇ ಭಾವ ಅವನ ಕೈಯಿಂದ ಸ್ಪ್ಯಾನರು ತೆಗೆದುಕೊಂಡರು. ಸುತ್ತಿಗೆ, ಉಳಿ, ಕೈಡ್ರಿಲ್ಲು ಎಲ್ಲವೂ ಹುಣಿಸೆಹಣ್ಣಿನಲ್ಲಿ ತೊಳೆಸಿಕೊಂಡು ಮಣೆಯ ಮೇಲೆ ಸಾಲಾಗಿ ಮಲಗಿದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಲಾರಿಯ ಹ್ಯಾಂಡಲಿಗೂ, ಎಂದರೆ ಎಂಜಿನ್ ಶುರುಮಾಡಲು ಮುಂದಿನಿಂದ ಹಾಕಿ ತಿರುಗಿಸುವ ಕಬ್ಬಿಣದ ಹಿಡಿಗೂ, ಹಾರ ಬಿತ್ತು. ಹತ್ತೂಕಾಲಿಗೆ ಮಂಗಳಾರತಿ ಮುಗಿಯಿತು.

“ಭಾವ, ಪೂಜೆ ಆಯ್ತಲ್ಲ. ಈಗ ಡ್ರಿಲ್ ಎತ್ತಿಕೊಂಡು ಬೋಲ್ಟ್ ತೆಗೆಸಿ” ಎಂದೆ.

ಭಾವ ನನ್ನನ್ನು ಬೆಕ್ಕು ಬೊಗಳಿತೋ ಎಂಬಂತೆ ನೋಡಿದರು. “ಪೂಜೆಗಿಟ್ಟ ಆಯುಧ ನಾಳೆವರೆಗೂ ಮುಟ್ಟಬಾರ್ದು ಕಣಮ್ಮ. ಇದನ್ನ ಕಾಲೇಜಲ್ಲಿ ಹೇಳ್ಕೊಡಲಿಲ್ವಾ?”

“ಹಾಗಾದ್ರೆ ಲಾರೀನೂ ನಾಳೆವರೆಗೂ ಮುಟ್ಟಬೇಡಿ. ಅದಕ್ಕೂ ಪೂಜೆ ಆಗಿದೆ.”

“ಲಾರಿ ವಾಹನ. ವಾಹನ ಇವತ್ತೇ ಓಡ್ಬೇಕು. ಏನ್ ಮೇಸ್ತ್ರಿ?”

ಮೇಸ್ತ್ರಿ ಹೌದೆಂದು ತಲೆಯಾಡಿಸಿದ. “ಆಯುಧಕ್ಕೂ ಒಂದಿನ ರಜ ಬೇಡ್ವಾ ಅಮ್ಮಣ್ಣಿ? ಎರಡು ಬೋಲ್ಟ್ ಯಾವ ಲೆಕ್ಕ. ಮಿಲಿಟ್ರಿ ಗಾಡಿ ಇದು, ಬಾಂಬ್ ನೋಡ್ಕೊಂಡು ಬಂದಿದೆ.”

ಸ್ಪ್ಯಾನರು ದೇವರ ಮುಂದಿತ್ತಲ್ಲ, ಗುಜರಿಯ ಮ್ಯಾನಿಫೋಲ್ಡನ್ನು ಕೂರಿಸಿ ಉಳಿದ ಬೋಲ್ಟುಗಳನ್ನು ಬೆರಳಿನಿಂದಲೇ ತಿರುಗಿಸಿದರು. ಆಮೇಲೆ ಪಕ್ಕದ ಮನೆಯಿಂದ ಪೂಜೆಯಾಗದ ಒಂದು ಇಕ್ಕಳ ಕೇಳಿ ತಂದು ಬಿಗಿ ಮಾಡಿದರು. ಅವರ ಸಂಪ್ರದಾಯದ ತಿರುಳೇ ಇದು. ತಮ್ಮ ಸುತ್ತಿಗೆಗೆ ಮೈಲಿಗೆ, ಪಕ್ಕದವರ ಇಕ್ಕಳಕ್ಕೆ ಇಲ್ಲ. ಹಿಂದಿನ ತುದಿಯ ಸಂದಿಗೆ ನಾರಿನ ಹುರಿ ತುರುಕಿ, ಜೇಡಿಮಣ್ಣು ಮೆತ್ತಿದರು. ಎಂಜಿನ್ ಶುರುಮಾಡಿದಾಗ ಸದ್ದೇ ಇಲ್ಲ. “ನೋಡು ಬಿಯೆಸ್ಸಿ” ಎಂದು ಭಾವ ಮೀಸೆ ನೀವಿಕೊಂಡರು. ತಣ್ಣಗಿದ್ದಾಗ ಯಾವ ಎಂಜಿನ್ ತಾನೇ ಸುಳ್ಳು ಹೇಳುವುದಿಲ್ಲ?

ಬಸವನಗುಡಿಗೆ ಹೊರಟೆವು. ಭಾವ ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ. ಹಣ್ಣುಕಾಯಿಯ ಬುಟ್ಟಿ ಹಿಡಿದು ನಾನು ಹಿಂದೆ, ಸಾಮಾನು ಹೇರುವ ಜಾಗದಲ್ಲಿ, ಬಾಳೆಕಂದುಗಳ ನಡುವೆ. ಲಾರಿಯ ಮುಂಭಾಗಕ್ಕೆ ಬಾಗಿಲುಗಳಿರಲಿಲ್ಲ. ಗುಂಡಿ ಹಾಕುವ ಕ್ಯಾನ್ವಾಸಿನ ಪರದೆಗಳಿದ್ದವು. ಪೆಡಲುಗಳ ಸುತ್ತ ನೆಲದ ಹಲಗೆ ಕೊಳೆತು ಸಂದುಗಳಾಗಿದ್ದವು. ನನಗೂ ಅವರಿಗೂ ನಡುವೆ ಅಂಗೈಯಗಲದ ಒಂದು ಗಾಜು. ಮಗು ಹಿಂದಕ್ಕೆ ತಿರುಗಿ ತನ್ನ ಕೈಯ ಬೆಳ್ಳಿಕಡಗದಿಂದ ಆ ಗಾಜನ್ನು ಬಡಿದು ನಗುತ್ತಿತ್ತು. ನಾನೂ ಈಚೆಯಿಂದ ಬಡಿಯುತ್ತಿದ್ದೆ.

ಗುಡಿಯ ಮುಂದೆ ಕಾರು, ಜಟಕಾ, ಲಾರಿಗಳ ಸಾಲು. ಅರ್ಚಕರು ಒಂದೊಂದಕ್ಕೆ ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ಬರಬೇಕು. ಅಷ್ಟರಲ್ಲಿ ಮಳೆ ಹಿಡಿಯಿತು. ಭಾವ ಅಕ್ಕನ ಕಡೆಯ ಪರದೆಯ ಗುಂಡಿಗಳನ್ನೆಲ್ಲ ಹಾಕಿ, ಕೆಳಗಿಳಿದು ತಮ್ಮ ಕಡೆಯ ಪರದೆಯನ್ನೂ ಬಿಗಿದು, ಗುಡಿಯ ಜಗಲಿಗೆ ಓಡಿಹೋಗಿ ಪರಿಚಯದ ಮಂಡಿಯವರ ಜೊತೆ ಮಾತಿಗೆ ನಿಂತರು. ಎಂಜಿನ್ ಮಾತ್ರ ನಿಲ್ಲಿಸಲಿಲ್ಲ. ಪೂಜೆಯಾದ ಗಾಡಿ ಮನೆ ಬಿಟ್ಟ ಮೇಲೆ ಮತ್ತೆ ಮನೆ ಸೇರುವವರೆಗೆ ಎಂಜಿನ್ ನಿಲ್ಲಬಾರದಂತೆ. ನಿಂತರೆ ವರ್ಷವೆಲ್ಲ ಬಾಡಿಗೆ ನಿಲ್ಲುತ್ತದಂತೆ. ಮೋಟಾರು ಕಂಡು ಐವತ್ತು ವರ್ಷ ಕಳೆಯದ ಊರಿಗೆ ಈ ಶಾಸ್ತ್ರ ಯಾವ ಪುರಾಣದಿಂದ ಇಳಿದು ಬಂತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಒಳಗೆ ಅಕ್ಕನ ಕಾಲ ಬಳಿ ಊದುಬತ್ತಿಯ ಕಟ್ಟು, ಸಾಂಬ್ರಾಣಿಯ ಧೂಪ ಹೊಗೆಯಾಡುತ್ತಿದ್ದವು. ಬೇರೆ ವಾಸನೆ ಬಂದರೂ ಅದರಲ್ಲಿ ಮುಚ್ಚಿಹೋಗಬೇಕು.

ನಾನು ತಾಡಪಾಲಿನ ಅಡಿ ಮುದುರಿ ಕೂತಿದ್ದೆ. ಒಮ್ಮೆ ಅಕ್ಕ ಗಾಜಿನ ಹತ್ತಿರ ಬಾಯಿ ತಂದು “ತಲೆ ಸಿಡೀತಿದೆ ಕಣೇ” ಎಂದದ್ದು ಕೇಳಿಸಿತು. ಜಗಲಿಯ ಕಡೆಗೆ ಕೂಗಿ ಹೇಳಿದೆ.

“ಉಪವಾಸ ಅಲ್ವಾ, ಅದಕ್ಕೇ. ಇನ್ನೇನ್ ನಮ್ಮ ಸರದಿ ಬಂತು!” ಭಾವ ಅಲ್ಲಿಂದಲೇ ಉತ್ತರ ಕೊಟ್ಟರು. ಪಕ್ಕದವರು ನಕ್ಕರು.

ಮಳೆ ಸ್ವಲ್ಪ ಸಣ್ಣದಾಯಿತು. ತಾಡಪಾಲಿನ ಮೇಲಿನ ಸದ್ದು ಇಳಿದಾಗ ಕಡಗದ ಸದ್ದೂ ಇಲ್ಲವೆಂಬುದು ಗಮನಕ್ಕೆ ಬಂತು. ಗಾಜು ಬಡಿದೆ. ಮತ್ತೆ ಬಡಿದೆ. ಆವಿ ಕಟ್ಟಿದ ಗಾಜಿನಾಚೆ ಅಕ್ಕನ ತುರುಬು ಒಂದು ಕಡೆಗೆ ವಾಲಿತ್ತು.

ಇಳಿದದ್ದು ನೆನಪಿಲ್ಲ. ಕೆಸರಿನಲ್ಲಿ ಬಿದ್ದಿರಬೇಕು, ಮೊಣಕಾಲಿನ ಗಾಯದ ಗುರುತು ಇನ್ನೂ ಇದೆ. ಒದ್ದೆಯಾದ ಕ್ಯಾನ್ವಾಸಿನ ಗುಂಡಿಗಳು ಬಿಚ್ಚಲೊಲ್ಲವು. ಕಿತ್ತೆಳೆದೆ. ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಅಕ್ಕನ ಕಣ್ಣುಗಳು ಅರ್ಧ ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಮಗು ಅವಳ ಮಡಿಲಿನಲ್ಲಿ ಒದ್ದೆಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮಗುವನ್ನು ಎಳೆದುಕೊಂಡು ಎಂಜಿನ್ನಿನ ಕೀಲಿ ತಿರುಗಿಸಿದೆ. ಅಕ್ಕನನ್ನು ಇಬ್ಬರು ಜಟಕಾದವರು ಹಿಡಿದು ಇಳಿಸಿ ಮಳೆಯಲ್ಲೇ ಮಲಗಿಸಿದರು.

ಆಗ ಭಾವ ಓಡಿ ಬಂದರು. ಹೆಂಡತಿ ನೆಲದ ಮೇಲೆ, ಮಗು ನನ್ನ ಹೆಗಲ ಮೇಲೆ ನಿರ್ಜೀವವಾಗಿ. ಅವರ ಬಾಯಿಂದ ಬಂದ ಮೊದಲ ಮಾತು ಇದು:

“ಎಂಜಿನ್ ಯಾಕೆ ನಿಲ್ಲಿಸ್ದೆ?”

ಎಷ್ಟೋ ವರ್ಷಗಳಾದರೂ ಆ ಮಾತು ನನ್ನ ಕಿವಿಯಲ್ಲಿ ಅದೇ ಸ್ವರದಲ್ಲಿ ಇದೆ. ತಪ್ಪು ಹುಡುಕುವ ಸ್ವರ, ಮಾವಿನಕಾಯಿ ಉಪ್ಪಿನಕಾಯಿಗೆ ಉಪ್ಪು ಹೆಚ್ಚಾದಾಗಿನ ಸ್ವರ. ಮಗುವಿನ ಬೆನ್ನು ಉಜ್ಜುತ್ತಿದ್ದೆ, ಮುಖವನ್ನು ಗಾಳಿಗೆ ಒಡ್ಡುತ್ತಿದ್ದೆ. ಕಾರ್ಬನ್ ಮಾನಾಕ್ಸೈಡು ಎಂದು ಬೋರ್ಡಿನ ಮೇಲೆ ನೂರು ಸಲ ಬರೆದಿದ್ದೇನೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಹುಡುಗಿಯರಿಂದ ಒಟ್ಟಿಗೆ ಹೇಳಿಸಿದ್ದೇನೆ. ಅದರ ಭಾರ ಎಷ್ಟೆಂದು ಅವತ್ತು ಹೆಗಲ ಮೇಲೆ ಗೊತ್ತಾಯಿತು. ಆಮೇಲೆ ಮಗು ಒಂದು ಸಲ ಬಿಕ್ಕಿ, ನನ್ನ ಸೀರೆಯ ಮೇಲೆ ವಾಂತಿ ಮಾಡಿ, ಕಿರುಚಿತು. ಅಂಥ ಇಂಪಾದ ಕಿರುಚಾಟವನ್ನು ನಾನು ಮತ್ತೆ ಕೇಳಿಲ್ಲ.

ಜಟಕಾದಲ್ಲಿ ಕರೆತಂದ ಇಬ್ಬರನ್ನೂ ನಮ್ಮ ಬೀದಿಯ ಡಾಕ್ಟರು ನೋಡಿ, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ತಮ್ಮ ಹತ್ತಿರ ತರುವ ಕೆಲಸವಿರುತ್ತಿರಲಿಲ್ಲ ಎಂದರು. ಭಾವ ಎಲ್ಲಕ್ಕೂ ಹೂಂಗುಟ್ಟಿ, ಮನೆಗೆ ಬಂದು ಇಬ್ಬರಿಗೂ ದೃಷ್ಟಿ ತೆಗೆಸಿದರು. ಜಗಲಿಯ ಮೇಲಿದ್ದ ಮಂಡಿಯವರಲ್ಲಿ ಒಬ್ಬನ ಕಣ್ಣು ಸರಿಯಿಲ್ಲವಂತೆ. ಆಮೇಲೆ ಓಡಿಸಿ ತಂದ ಲಾರಿಗೂ ದೃಷ್ಟಿ ತೆಗೆದರು. ಮುರಿದ ಎರಡು ಬೋಲ್ಟುಗಳಿಗೆ ಮಾತ್ರ ಯಾರ ದೃಷ್ಟಿಯೂ ತಾಗಲಿಲ್ಲ.

ಅಂದು ನನಗೆ ನಿದ್ದೆ ಬರಲಿಲ್ಲ. ಮಳೆ ಸಣ್ಣದಾಗದೇ ಇದ್ದಿದ್ದರೆ? ತಾಡಪಾಲಿನ ಸದ್ದಿನಲ್ಲಿ ಕಡಗದ ಸದ್ದು ನಿಂತದ್ದೇ ತಿಳಿಯುತ್ತಿರಲಿಲ್ಲ. ನಾನೂ ಒಳಗೇ ಕೂತಿದ್ದರೆ? ಕೂರು ಎಂದು ಅಕ್ಕ ಕರೆದಿದ್ದಳು. ಕಣ್ಣು ಮುಚ್ಚಿದರೆ ಒದ್ದೆ ಗುಂಡಿಗಳು ಬೆರಳಿಗೆ ಸಿಕ್ಕಿ ಜಾರುತ್ತಿದ್ದವು. ಎದ್ದು ತೊಟ್ಟಿಲ ಬಳಿ ಹೋಗಿ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿಯುವುದು, ಬಂದು ಮಲಗುವುದು, ಮತ್ತೆ ಏಳುವುದು. ಈ ‘ಇದ್ದಿದ್ದರೆ’ಗಳ ಲೆಕ್ಕವನ್ನು ನಾನು ಈಗಲೂ ಒಮ್ಮೊಮ್ಮೆ ಮಾಡುತ್ತೇನೆ, ಆ ಮಗುವಿಗೇ ಮಕ್ಕಳಾಗಿರುವ ಈ ಕಾಲದಲ್ಲಿ.

ಮರುದಿನ ವಿಜಯದಶಮಿ. ಭಾವ ಹೊಸ ಪಂಚೆ ಉಟ್ಟು ಹೊರಟು ನಿಂತರು. ಮಲ್ಲೇಶ್ವರದ ಅಣ್ಣನ ಮನೆಗೆ ಬನ್ನಿ ಕೊಡಲು ಹೋಗಬೇಕು, ಎಲ್ಲರೂ ಲಾರಿಯಲ್ಲೇ. ಬೋಲ್ಟಿನ ಕೆಲಸ ಹಬ್ಬ ಕಳೆದ ಮೇಲಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಗ್ಯಾರೇಜಿನಿಂದ ಅವರ ಕೂಗು ಬಂತು.

“ಹ್ಯಾಂಡ್ಲ್ ಎಲ್ಲಿ?”

“ನಾನು ಎತ್ತಿಟ್ಟಿದೀನಿ” ಎಂದಳು ಅಕ್ಕ. ಗಂಡನಿಗೆ ಎದುರಾಡಿ ಗೊತ್ತಿಲ್ಲದವಳು. ಅಡಿಗೆಮನೆಯ ಹೊಸಿಲಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು; ಮುಖ ಎತ್ತಲಿಲ್ಲ.

“ತಮಾಷೇನಾ? ಕೊಡು ಇಲ್ಲಿ.”

“ಪೂಜೆಗಿಟ್ಟಿದ್ದು ಅಲ್ವಾ. ಮುಟ್ಟಬಾರ್ದು.”

“ಅದು ನಿನ್ನೆ! ಇವತ್ತು ಮುಟ್ಟಬೌದು.”

“ಇವತ್ತು ಮುಟ್ಟಬೌದಾ? ಹಾಗಾದ್ರೆ ಡ್ರಿಲ್ಲೂ ಮುಟ್ಟಬೌದು. ಮೇಸ್ತ್ರೀನ ಕರೆಸಿ. ಆ ಎರಡು ಬೋಲ್ಟ್ ನನ್ನ ಕೈಗೆ ತಂದ್ಕೊಡಿ, ಹ್ಯಾಂಡ್ಲ್ ತಗೊಂಡ್ಹೋಗಿ. ಅಲ್ಲಿವರೆಗೂ ನಾನೂ ಹತ್ತಲ್ಲ, ಮಗೂನೂ ಹತ್ತಲ್ಲ.”

ಭಾವ ಮನೆಯೆಲ್ಲ ಹುಡುಕಿದರು. ಅದು ಬಚ್ಚಲುಮನೆಯ ಸೌದೆ ರಾಶಿಯ ಅಡಿಯಲ್ಲಿತ್ತು. ಗಂಡಸರು ಹುಡುಕದ ಜಾಗ ಯಾವುದೆಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬೀದಿಯ ನಾಲ್ಕು ಜನರನ್ನು ಕರೆದು ಲಾರಿಯನ್ನು ನೂಕಿಸಿ ನೋಡಿದರು. ಅದು ಬೀದಿಯ ಕಾಲುಭಾಗ ಉರುಳಿ, ಎಮ್ಮೆಯಂತೆ ನಿಂತಿತು. ಮತ್ತೆ ವಾಪಸು ನೂಕಿಸಬೇಕಾಯಿತು. ಹೊಸ ಪಂಚೆಯಲ್ಲಿ ಬೆವರುತ್ತ ಮೇಸ್ತ್ರಿಗೆ ಹೇಳಿಕಳಿಸಿದರು.

ಮೇಸ್ತ್ರಿ ಬಂದು ಮ್ಯಾನಿಫೋಲ್ಡು ಇಳಿಸಿದ. ಜೇಡಿಮಣ್ಣು ಬಿಸಿಗೆ ಬಿರಿದು ಉದುರಿಹೋಗಿತ್ತು. ನಾರಿನ ಹುರಿ ಸುಟ್ಟು ಕರಿದಾರವಾಗಿತ್ತು. ಸಂದಿಯಲ್ಲಿ ಬೆರಳು ತೂರುತ್ತಿತ್ತು. ಅವನು ನನ್ನ ಮುಖ ನೋಡದೆ, ಬಾಂಬಿನ ಸುದ್ದಿಯೆತ್ತದೆ, ಕೆಲಸಕ್ಕೆ ಕೂತ. ಮುರಿದ ತುಂಡಿನ ನಡುವೆ ಉಳಿಯಿಂದ ಚುಕ್ಕಿ ಹೊಡೆದು, ಕೈಡ್ರಿಲ್ಲಿನಿಂದ ಕೊರೆದು, ಆ ತೂತಿಗೆ ಉಕ್ಕಿನ ಚೌಕಮೊಳೆ ಬಡಿದು, ಸುತ್ತಲೂ ಬೆಂಕಿ ತೋರಿಸಿ ತಿರುಗಿಸಿದ. ಒಂದು ಬೋಲ್ಟು ಅಂದೇ ಕಿರುಗುಟ್ಟುತ್ತ ಹೊರಬಂತು. ಎರಡನೆಯದು ಜಗ್ಗಲಿಲ್ಲ. ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿದ ಮೇಲೆ ಭಾನುವಾರ ಮಧ್ಯಾಹ್ನ ಬಂತು. ಬೆರಳಿನ ಗಿಣ್ಣಿನಷ್ಟು ಉದ್ದದ ತುಕ್ಕು ತುಂಡುಗಳು. ಭಾವ ಅವನ್ನು ಕಾಗದದಲ್ಲಿಟ್ಟು ತಂದು ಅಕ್ಕನ ಮುಂದಿಟ್ಟರು. ಅಕ್ಕ ತಿರುಗಿಸಿ ನೋಡಿ, ಸೌದೆ ರಾಶಿಯ ಕಡೆಗೆ ಗದ್ದದಿಂದ ಸನ್ನೆ ಮಾಡಿದಳು.

ಹೊಸ ಬೋಲ್ಟು ಹಾಕಿ ಬಿಗಿದಾದ ಮೇಲೆ ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ ಎಂದೆ. ಗ್ಯಾರೇಜಿನ ಮೂರು ಕಡೆಯ ತಗಡನ್ನೂ ತೆಗೆಸಿದೆ. ಬಾನೆಟ್ಟು ತೆರೆದು, ಎರಡು ಊದುಬತ್ತಿ ಹಚ್ಚಿ, ಮ್ಯಾನಿಫೋಲ್ಡಿನ ಕೂಡುಗಳ ಉದ್ದಕ್ಕೂ ನಿಧಾನವಾಗಿ ಹಿಡಿಯುತ್ತ ಹೋದೆ. ಎಲ್ಲಾದರೂ ಸಂದಿದ್ದರೆ ಅಲ್ಲಿಂದ ಚಿಮ್ಮುವ ಗಾಳಿಗೆ ಬತ್ತಿಯ ಹೊಗೆ ಚೆದುರಬೇಕು. ಹಿಂದಿನ ತುದಿಯಲ್ಲಿ ಎರಡು ಸಲ ಹಿಡಿದೆ. ಹೊಗೆ ನೆಟ್ಟಗೆ ಮೇಲೆದ್ದಿತು.

ಪಕ್ಕದಲ್ಲಿ ಭಾವ ಭಕ್ತಿಯಿಂದ ಕೈ ಜೋಡಿಸಿ ನಿಂತಿದ್ದರು.

“ಈಗ ಬುದ್ಧಿ ಬಂತು ನೋಡು ಬಿಯೆಸ್ಸಿ” ಎಂದರು. “ಮೊನ್ನೇನೇ ಹಿಂಗೆ ಶ್ರದ್ಧೆಯಿಂದ ಮಾಡಿದ್ರೆ ಏನೂ ಆಗ್ತಿರ್ಲಿಲ್ಲ.”

ಇನ್ನೊಂದು ಸಲ ಆ ತುದಿಯಿಂದ ಈ ತುದಿಗೆ ಬತ್ತಿ ಹಿಡಿದು, ಸಮಾಧಾನವಾದ ಮೇಲೆ ಒಳಗೆ ಹೋದೆ. ಆ ಭಾನುವಾರ ರಾತ್ರಿ ಊಟವಾದ ಮೇಲೆ ಚಾಪೆಯ ಮೇಲೆ ಮಗುವಿನ ಆಚೆ ಅಕ್ಕ, ಈಚೆ ನಾನು ಮಲಗಿದೆವು. ಬೆರಳು ಹಿಡಿದು ನೋಡಲು ಒಮ್ಮೆಯೂ ಏಳಲಿಲ್ಲ. ಬೆಳಿಗ್ಗೆ ಮಗು ನನ್ನ ಜಡೆ ಎಳೆದಾಗಲೇ ಎಚ್ಚರವಾದದ್ದು. ಬೀದಿಯಲ್ಲಿ ಹಾಲಿನವನು ಬಂದು ಹೋಗಿಯಾಗಿತ್ತು.