ಖಾಲಿ ಕೊರಳು

ನನ್ನ ತಮ್ಮ ಕೇದಾರನ ಬಗ್ಗೆ ಕೊಲ್ಹಾಪುರದ ಕಡೆಯ ನಮ್ಮ ತವರೂರು ನೇಸರಿಯಲ್ಲಿ ಯಾರನ್ನು ಕೇಳಿದರೂ ಒಳ್ಳೆಯದನ್ನೇ ಹೇಳುತ್ತಾರೆ. ಅದಕ್ಕೇ ನನ್ನನ್ನೂ ಒಮ್ಮೆ ಕೇಳಬೇಕು. ನಾನು ಅವನ ಅಕ್ಕ, ಮನೀಷಾ. ಮದುವೆಯಾಗಿ ಮಹಾಗಾಂವಕ್ಕೆ ಬಂದು ಎಷ್ಟೋ ವರ್ಷಗಳಾದವು. ಆದರೂ ನಮ್ಮ ಅವ್ವನ ಬಾಯಲ್ಲಿ ಅವನ ಹೆಸರು ಬಂದರೆ ಸಾಕು, ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಹೊಟ್ಟೆಕಿಚ್ಚಿನ ಹೆಂಗಸು ಎನ್ನುವುದಾದರೆ ಅನ್ನಿ, ನನ್ನದೇನೂ ಅಡ್ಡಿಯಿಲ್ಲ.

ಕೇದಾರನಿಗೆ ನೇಸರಿ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ರಿಪೇರಿ ಅಂಗಡಿಯಿದೆ. ಕಬ್ಬಿಗೆ ನೀರೆತ್ತುವ ಮೋಟಾರು ಸುಟ್ಟರೆ ಸುತ್ತಲಿನ ಹಳ್ಳಿಯವರೆಲ್ಲ ಅವನ ಹತ್ತಿರವೇ ಬರುತ್ತಾರೆ. ಪಂಪು ಬಾವಿಯಲ್ಲಿ ಸಿಕ್ಕಿಕೊಂಡರೆ ಅವನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾನೆ. ಮೇಲೆ ನಿಂತವರು ಗಾಬರಿಯಿಂದ ಶಿವ ಶಿವ ಎನ್ನತೊಡಗಿದರೆ ಒಳಗಿನಿಂದಲೇ ಕೂಗಿ ಹೇಳುತ್ತಾನೆ: “ಶಿವನ್ನ ಆಮ್ಯಾಲೆ ಕರೀರಿ, ಮೊದಲ ಹಗ್ಗ ಗಟ್ಟಿ ಹಿಡೀರಿ.” ಇಂಥ ಮಾತು ನಾನು ಆಡಿದ್ದರೆ ಊರು ನನ್ನ ಮುಖಕ್ಕೆ ಉಗಿಯುತ್ತಿತ್ತು. ಅವನು ಆಡಿದರೆ ನಗುತ್ತಾರೆ, ಚಹಾ ಕುಡಿಸಿ ಕಳಿಸುತ್ತಾರೆ.

ಅವನಿಗೆ ದೇವರಿಲ್ಲ. ನಾವು ಲಿಂಗವಂತರು, ಹುಟ್ಟಿದ ಕೂಸಿಗೇ ಲಿಂಗ ಕಟ್ಟುವ ಮನೆತನ. ಸ್ನಾನವಾದ ಮೇಲೆ ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಬೇಕು, ಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕಬಾರದು. ನಮ್ಮ ಅವ್ವ ಬಾಳವ್ವ ಇದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ನಾನೂ ತಪ್ಪಿಸಿಲ್ಲ, ಹೆರಿಗೆಯ ದಿನ ಕೂಡ.

ಕೇದಾರ ಹತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿತು. ಹಿರಿಯರು ಅಪ್ಪನನ್ನು ದವಾಖಾನೆಗೆ ಒಯ್ಯುವ ಬದಲು ಗುಡಿಗೆ ಒಯ್ದರು. ವಿಭೂತಿ ಹಚ್ಚಿದರು, ತೀರ್ಥ ಕುಡಿಸಿದರು, ಎಲ್ಲರೂ ಸುತ್ತ ಕೈಮುಗಿದು ಕುಳಿತರು. ದವಾಖಾನೆಗೆ ಹೋಗೋಣ ಎಂದು ಕೇದಾರ ಒಬ್ಬನೇ ಅಳುತ್ತ ಹೇಳುತ್ತಿದ್ದ. ಕೊನೆಗೆ ಕರೆಸಿದ ಜೀಪು ಬರುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಮಣ್ಣು ಮಾಡಿ ಬಂದ ಮರುದಿನ ಕೇದಾರ ತನ್ನ ಕೊರಳಿನ ಲಿಂಗ ಬಿಚ್ಚಿ ಹೊಳೆಗೆ ಬಿಟ್ಟು ಬಂದ.

ಅವ್ವ ಅವನ ಕಪಾಳಕ್ಕೆ ಎರಡು ಬಿಗಿಯುತ್ತಾಳೆಂದು ನಾನು ಕಾದೆ. ಅವಳು ತಾಟಿನಲ್ಲಿ ರೊಟ್ಟಿ ಇಟ್ಟು, ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಅವನ ಮುಂದೆ ಸರಿಸಿದಳು. ಆ ಗುಡಿಯಲ್ಲಿ ಅಪ್ಪನ ಕಾಲ ಹತ್ತಿರ ನಾನೂ ಕುಳಿತಿದ್ದೆ. ಸತ್ತವನು ನನಗೂ ಅಪ್ಪನೇ. ಆದರೆ ನಾನು ಅಳದೆ ಬಂದವರಿಗೆಲ್ಲ ನೀರು ಕೊಟ್ಟೆ, ಚಾಪೆ ಹಾಸಿದೆ, ಹೊತ್ತು ಹೊತ್ತಿಗೆ ಪೂಜೆ ಮಾಡಿದೆ. ನನ್ನ ರೊಟ್ಟಿಯ ಮೇಲೆ ಬೆಣ್ಣೆ ಬೀಳಲಿಲ್ಲ.

ಮುಂದೆಯೂ ಅದೇ ನಡೆಯಿತು. ಒಂದು ಸಲ ಅವನು ಬಾವಿಯ ಮೆಟ್ಟಿಲಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡ. ಅವನಿಗೆ ಗುಣವಾಗಲೆಂದು ನಾನು ಸೋಮವಾರ ಉಪವಾಸ ಹಿಡಿದೆ. ಕೈ ಕೂಡಿತು. ಅವ್ವ ಓಣಿಯ ಹೆಂಗಸರ ಮುಂದೆಲ್ಲ ಹೇಳಿದ್ದು ಒಂದೇ ಮಾತು: “ನಮ್ಮ ಹುಡುಗನ ಎಲುಬ ಭಾಳ ಗಟ್ಟಿ.” ನನ್ನ ಉಪವಾಸ ಯಾರ ಲೆಕ್ಕಕ್ಕೂ ಬರಲಿಲ್ಲ. ನಾನು ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡು ತವರಿಗೆ ಹೋದರೆ, ಹೊಸ್ತಿಲು ದಾಟುವ ಮೊದಲೇ ಅವ್ವ ಕೇಳುತ್ತಾಳೆ: “ಬರೂ ಮುಂದ ಅಂಗಡ್ಯಾಗ ಕೇದಾರಿ ಕಂಡ್ನೇನ? ಮುಂಜಾನಿಂದ ಹುಡುಗ ಏನೂ ತಿಂದಿಲ್ಲ.” ಆ ಹುಡುಗನ ಮೀಸೆಯಲ್ಲಿ ಈಗ ಬಿಳಿ ಕೂದಲು ಬಂದಿವೆ.

ಹೋದ ವರ್ಷ ಆಷಾಢದಲ್ಲಿ ಮಳೆ ಬಿಡದೆ ಹೊಡೆಯುತ್ತಿತ್ತು. ಅವ್ವನಿಗೆ ಹೊಟ್ಟೆನೋವು ಶುರುವಾಯಿತು. ಎರಡು ದಿನ ಓಮ ಅಗಿದು ಯಾರಿಗೂ ಹೇಳದೆ ಇದ್ದಳಂತೆ. ಮೂರನೆಯ ದಿನ ಹೊಟ್ಟೆ ಕಲ್ಲಾಯಿತು, ಕಣ್ಣು ಮೇಲೆ ಹೋದವು. ಕೇದಾರ ಫೋನಿನಲ್ಲಿ ಅಳುತ್ತಲೇ ನನ್ನನ್ನು ಕರೆದ. ಅವನ ಹೆಂಡತಿ ದೀಪಾಲಿ ಎಮ್ಮೆ, ಮಕ್ಕಳನ್ನು ನೋಡಿಕೊಳ್ಳಲು ಊರಲ್ಲೇ ಉಳಿದಳು. ನಾನು ಗಡಹಿಂಗ್ಲಜದ ದವಾಖಾನೆಯಲ್ಲಿ ಅವ್ವನನ್ನೂ ಅವನನ್ನೂ ಕೂಡಿಕೊಂಡೆ. ಅಲ್ಲಿಯ ಡಾಕ್ಟರು ಕರುಳು ತೂತಾಗಿದೆ, ಹೊಟ್ಟೆಯಲ್ಲಿ ಕೀವು ತುಂಬಿದೆ, ಕೊಲ್ಹಾಪುರಕ್ಕೆ ಓಡಿ ಎಂದರು. ಆಂಬ್ಯುಲೆನ್ಸಿನಲ್ಲಿ ಅವ್ವನ ಆ ಕಡೆ ಅವನು, ಈ ಕಡೆ ನಾನು. ಅವಳು ಹಿಡಿದುಕೊಂಡದ್ದು ಆ ಕಡೆಯ ಕೈಯನ್ನು.

ಕೊಲ್ಹಾಪುರದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಈಗಲೇ ಆಪರೇಶನ್ ಮಾಡಬೇಕು, ಮಾಡಿದರೂ ಉಳಿಯುತ್ತಾರೆಂದು ಹೇಳಲಾರೆ ಎಂದರು. ಅವ್ವನಿಗೆ ಹಸಿರು ಗೌನು ತೊಡಿಸಿದ ನರ್ಸ್ ಅವಳ ಕೊರಳಿಗೆ ಕೈ ಹಾಕಿದಳು. “ಮಾವಶೀ, ಗಳ್ಯಾತಲಂ ಕಾಢಾವಂ ಲಾಗತಂಯ,” ಎಂದಳು. ಕೊರಳಲ್ಲಿದ್ದದ್ದನ್ನು ತೆಗೆಯಬೇಕು. ಲಿಂಗ ಇರುವುದು ಬೆಳ್ಳಿಯ ಕರಡಿಗೆಯಲ್ಲಿ. ಒಳಗೆ ಕೊಯ್ಯುವುದು ಕರೆಂಟಿನ ಚಾಕುವಿನಿಂದ. ಮೈಮೇಲೆ ಬೆಳ್ಳಿಯಿದ್ದರೆ ಅಲ್ಲಿ ಸುಟ್ಟೀತು.

ಅವ್ವ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಳು. ಮಾತಾಡಲು ಉಸಿರಿರಲಿಲ್ಲ, ಆದರೂ ಹೇಳಿದಳು: “ಇದನ್ನ ಎಲ್ಲೆರ ಇಟ್ಟು ನಾ ಒಳಗ ಹೋಗಂಗಿಲ್ಲ. ಸತ್ರ ಇದರ ಜೋಡಿ ಸಾಯ್ತೇನಿ.”

ಡಾಕ್ಟರು ಗಡಿಯಾರ ನೋಡುತ್ತಿದ್ದರು. ನಾನು ಮುಂದೆ ಹೋಗಿ ಅಂಗೈ ಚಾಚಿದೆ. “ಅವ್ವಾ, ಇಲ್ಲೆ ಕೊಡು. ನಾ ಮೈಮ್ಯಾಲ ಇಟ್ಕೋತೇನಿ. ನಿನ್ನ ಪೂಜಾನೂ ನಾನ ಮಾಡ್ತೇನಿ.”

ಅವ್ವ ನನ್ನ ಅಂಗೈಯನ್ನು ನೋಡಿದಳು. ಆಮೇಲೆ ನನ್ನ ಹೆಗಲ ಮೇಲಿಂದ ಹಿಂದೆ ನೋಡಿದಳು. “ನಿನ್ನ ಕೊರಳಾಗ ನಿಂದು ಐತಿ. ಒಂದ ಕೊರಳಿಗೆ ಎರಡು ಲಿಂಗ ಕಟ್ಟಬಾರ್ದು. ಕೇದಾರಿ, ನಿನ್ನ ಕೊರಳು ಖಾಲಿ ಐತಿ. ನೀ ಬಾ.”

“ಅಂಥಾ ಶಾಸ್ತ್ರ ಯಾವ ಮಠದಾಗೂ ಇಲ್ಲ,” ಎಂದೆ. “ಹಂಗಿದ್ರ ನನ್ನ ಬ್ಯಾಗಿನಾಗ ಇಡ್ತೇನಿ.”

“ಬ್ಯಾಗಿನಾಗ ಇಡಾಕ ಅದೇನ್ ಮೊಬೈಲೇನ?”

ಕೇದಾರನ ಮುಖದಲ್ಲಿ ರಕ್ತವಿರಲಿಲ್ಲ. “ಅವ್ವಾ, ನಾ ಇದನ್ನ ನಂಬಂಗಿಲ್ಲ. ನಿನಗ ಗೊತ್ತೈತಿ.”

“ನಂಬು ಅಂತ ಯಾರ್ ಹೇಳಿದ್ರು? ಇಟ್ಕೋ ಅಂತ ಹೇಳಾಕತ್ತೇನಿ. ನಾ ಎಚ್ಚರಾಗಿ ಕೇಳೂತನಕ ಇಟ್ಕೋ. ಪೂಜಾ ಮಾಡದ ಬಾಯಿಗೆ ಏನೂ ಹಾಕ್ಬ್ಯಾಡ.”

ಅವನು ಬಗ್ಗಿದ. ಅವ್ವ ಅವನ ಕೊರಳಿಗೆ ದಾರ ಕಟ್ಟಿದಳು. ನನ್ನ ಅಂಗೈ ಇನ್ನೂ ಚಾಚಿಯೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗು ಸರಿಮಾಡಿಕೊಂಡೆ.

ಬಾಗಿಲು ಮುಚ್ಚಿತು. ನಾನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ಜಪ ಶುರುಮಾಡಿದೆ. ತುಟಿ ತನ್ನ ಪಾಡಿಗೆ ಓಂ ನಮಃ ಶಿವಾಯ ಎನ್ನುತ್ತಿತ್ತು, ಅದಕ್ಕೆ ರೂಢಿಯಿದೆ. ಮನಸ್ಸು ಬೇರೆಯೇ ಹೇಳುತ್ತಿತ್ತು. ಅವ್ವನಂತೂ ಮೊದಲಿನಿಂದ ಅವನ ಕಡೆ, ಈಗ ಅವ್ವನ ದೇವರೂ ಹೋಗಿ ಅವನ ಎದೆಯ ಮೇಲೆ ಕುಳಿತ. ನಿನ್ನನ್ನು ಹೊಳೆಗೆ ಎಸೆದವನಲ್ಲವೇ ಅವನು, ನಿನಗಾದರೂ ಮಾನ ಬೇಡವೇ ಎಂದು ಶಿವನನ್ನೇ ಬೈದೆ. ಬೈದರೂ ಆ ಕಡೆಯಿಂದ ಏನೂ ಬರಲಿಲ್ಲ. ಕೈಗಳು ತಣ್ಣಗಾಗಿದ್ದವು, ಸೆರಗಿನಲ್ಲಿ ಮುಚ್ಚಿಕೊಂಡೆ. ಊರಿಗೆ ಫೋನು ಹಚ್ಚಿ, ಏನೂ ಆಗುವುದಿಲ್ಲ, ಶಿವನಿದ್ದಾನೆ ಎಂದು ಎಲ್ಲರಿಗೂ ಧೈರ್ಯ ಹೇಳಿದೆ.

ಕೇದಾರನಿಗೆ ಮುಚ್ಚಿಡುವುದು ಬರುವುದಿಲ್ಲ. ಕರಡಿಗೆಯನ್ನು ಹಿಡಿದುಕೊಂಡು ಆ ತುದಿಯಿಂದ ಈ ತುದಿಗೆ ತಿರುಗಾಡಿದ, ಗೋಡೆಗೆ ಹಣೆ ಹಚ್ಚಿ ಅತ್ತ. “ಅಕ್ಕಾ, ನನಗ ಭಾಳ ಹೆದರಿಕಿ ಆಗಾಕತ್ತೈತಿ,” ಎಂದ. “ಹೆದರಬ್ಯಾಡ, ಶಿವ ಅದಾನ,” ಎಂದೆ. “ನಿನಗ ಅದಾನ. ನನಗ ಯಾರ್ ಅದಾರ?” ಎಂದ. ಅವನ ಅಳು ನೋಡಿ ನರ್ಸ್ ಒಂದು ಗ್ಲಾಸು ನೀರು ತಂದುಕೊಟ್ಟಳು. ಅವನು ಬಾಯಿಯ ತನಕ ಒಯ್ದು ಕೆಳಗಿಟ್ಟ. ಪೂಜೆಯಾಗಿಲ್ಲ, ಕುಡಿಯುವಂತಿಲ್ಲ ಎಂದ. ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, “ಕಿತೀ ಭಾವಿಕ ಮಾಣೂಸ ಆಹೆ ಹಾ,” ಎಂದಳು. ಎಂಥ ದೈವಭಕ್ತ ಮನುಷ್ಯ ಎಂದು. ಬೆಳಗಿನಲ್ಲೇ ಪೂಜೆ ಮುಗಿಸಿದ್ದ ನಾನು ಚಹಾ ಕುಡಿಯುತ್ತ ಕುಳಿತಿದ್ದೆ. ಈ ಜನ್ಮದಲ್ಲಿ ನನಗೆ ಯಾರೂ ಆ ಮಾತು ಅಂದಿಲ್ಲ.

ಆಪರೇಶನ್ ಮುಗಿಯಿತು. ಆದರೆ ನಂಜು ರಕ್ತಕ್ಕೇರಿದೆ, ಕಾದು ನೋಡಬೇಕು ಎಂದರು. ಅವ್ವನ ಬಾಯಿಗೆ ನಳಿಕೆ ಹಾಕಿ ಯಂತ್ರಕ್ಕೆ ಜೋಡಿಸಿದರು. ಎಚ್ಚರವಿಲ್ಲ, ಕೇಳಲು ಬಾಯಿಲ್ಲ. ಲಿಂಗ ಕೇದಾರನ ಕೊರಳಲ್ಲೇ ಉಳಿಯಿತು.

ಮರುದಿನ ಅವನು ತಲೆಯಿಂದ ನೀರು ಸುರಿಸುತ್ತ ನನ್ನ ಮುಂದೆ ಬಂದು ನಿಂತ. “ಅಕ್ಕಾ, ಮೊದಲ ನೀರೋ, ವಿಭೂತಿಯೋ? ಮರತೇನಿ.” ತಪ್ಪು ಹೇಳಿಬಿಡೋಣ ಎನಿಸಿತು. ಆದರೆ ಅದು ಅವ್ವನ ಲಿಂಗ. ಸರಿಯಾಗಿಯೇ ಹೇಳಿ, ನನ್ನ ವಿಭೂತಿಯನ್ನೂ ಕೊಟ್ಟೆ. ಮೆಟ್ಟಿಲ ಕೆಳಗೆ ಖಾಲಿ ಜಾಗದಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತೆವು. ನನ್ನ ಕೈಯಿಂದ ಒಂದು ಹನಿಯೂ ಆಚೀಚೆ ಹೋಗಲಿಲ್ಲ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ನೀರೆಲ್ಲ ಮೊಣಕೈಗೆ ಇಳಿದು ಪ್ಯಾಂಟು ಒದ್ದೆಯಾಯಿತು.

“ಮಂತ್ರ ಏನ್ ಅಂದಿ?” ಎಂದು ಕೇಳಿದೆ.

“ಮಂತ್ರ ಎಲ್ಲಿ ನೆನಪೈತಿ. ಅವ್ವನ್ನ ಒಯ್ಯಬ್ಯಾಡ ಅಂದೆ.”

“ಯಾರಿಗಂದಿ?”

“ಗೊತ್ತಿಲ್ಲ. ಅಂಗೈ ನೋಡಿ ಅಂದೆ.”

ದಿನಾಲೂ ಹಾಗೆಯೇ ಮಾಡಿದ. ಒಂದು ಹೊತ್ತಾದರೂ ಮರೆತು ವಡಾಪಾವ್ ತಿಂದಾನು, ಹಿಡಿಯೋಣ ಎಂದು ನಾನು ಅವನ ಬೆನ್ನ ಹಿಂದೆಯೇ ತಿರುಗಿದೆ. ಅವನು ಸಿಕ್ಕಿಬೀಳಲಿಲ್ಲ.

ಅವ್ವನ ಜ್ವರ ಇಳಿಯಿತು. ನಳಿಕೆ ತೆಗೆದರು, ವಾರ್ಡಿಗೆ ತಂದರು. ಪೂರ್ತಿ ಎಚ್ಚರಾದವಳೇ ಕೊರಳು ಮುಟ್ಟಿ ನೋಡಿಕೊಂಡಳು. ಕೇದಾರ ಕರಡಿಗೆ ಬಿಚ್ಚಿ ಅವಳಿಗೆ ಕಟ್ಟಿದ.

“ಊಟ ಮಾಡಿದ್ಯೋ ಇಲ್ಲೋ?” ಅವ್ವನ ಮೊದಲ ಮಾತು. ಅವನಿಗೇ.

“ಮಾಡೇನಿ. ಪೂಜಾ ಮಾಡೇ ತಿಂದೇನಿ.”

“ಮತ್ತ ಈಗ ನಂಬಿಕಿ ಬಂತೇನಪಾ?” ಎಂದು ನಾನು ಕುಟುಕಿದೆ.

“ಇಲ್ಲಕ್ಕ. ಉಳಿಸಿದ್ದು ಡಾಕ್ಟರು.”

ಅವ್ವ ನಕ್ಕಳು. ಹೊಲಿಗೆ ಎಳೆದು ನೋವಾದರೂ ನಕ್ಕಳು. ಅಲ್ಲಿಗೆ ನನ್ನ ತಾಳ್ಮೆ ತೀರಿತು. ಅವನು ಔಷಧಿ ತರಲು ಕೆಳಗೆ ಹೋಗುವುದನ್ನೇ ಕಾದು, ಮಂಚದ ಹತ್ತಿರ ಹೋಗಿ ನಿಂತೆ.

“ಅವ್ವಾ, ಒಂದ ಕೊರಳಿಗೆ ಎರಡು ಲಿಂಗ ಇಲ್ಲ ಅನ್ನೂದು ನೀನ ಹುಟ್ಟಿಸಿದ್ದು. ಖರೇ ಹೇಳು. ನನ್ನ ಕೈಯಾಗ ಯಾಕ ಕೊಡಲಿಲ್ಲ?”

ಅವ್ವ “ಹೌದು, ನಾನ ಹುಟ್ಟಿಸಿದ್ದು,” ಎಂದಳು. “ನಿನಗ ಕೊಟ್ಟಿದ್ರ ನೀ ದಿನಾ ಮಾಡಿದಂಗ ಮಾಡ್ತಿದ್ದಿ. ಚೊಲೋನ ಮಾಡ್ತಿದ್ದಿ. ಅಂವ ಹೆದರಿದ್ದ. ನಾನೂ ಹೆದರಿದ್ದೆ ಯವ್ವಾ. ಹೆದರಿದವ್ರ ಕೈಯಾಗ ಇರ್ಲಿ ಅನಿಸ್ತು.”

ಇಷ್ಟು ವರ್ಷದ ನನ್ನ ಪೂಜೆಗೆ ಇದು ಬಂದ ಬೆಲೆ ಎಂದು ಜಗಳ ತೆಗೆಯಬೇಕೆಂದಿದ್ದೆ. ಬಾಯಿ ತೆರೆದರೆ ಬೇರೆಯೇ ಮಾತು ಬಂತು.

“ನಾನೂ ಹೆದರಿದ್ದೆ ಅವ್ವಾ. ಕೈಕಾಲು ತಣ್ಣಗಾಗಿದ್ದುವು. ಜಪಾ ಮಾಡಾಕತ್ತಿದ್ದೆ, ಆದ್ರ ಅಲ್ಲೆ ಯಾರೂ ಇರಲಿಲ್ಲ. ಕರದೆ, ಬೈದೆ, ಯಾರೂ ಇರಲಿಲ್ಲ.”

ಅವ್ವ ಮುಖ ತಿರುಗಿಸಿ ನನ್ನನ್ನು ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ಹಿಂದೆಂದೂ ನೋಡಿದ್ದು ನನಗೆ ನೆನಪಿಲ್ಲ.

“ಹೇಳಲಿಲ್ಲಲ್ಲ ಮತ್ತ ನೀ,” ಎಂದಳು. “ಯಾವಾಗೂ ಹೇಳಲಿಲ್ಲ.”

ಸಲೈನಿನ ಸೂಜಿ ಚುಚ್ಚಿದ ಕೈಯನ್ನು ಎತ್ತಿ ಹಿಡಿದು, ನರಳುತ್ತ, ಮಂಚದಲ್ಲಿ ಅಂಗೈಯಷ್ಟು ಜಾಗ ಬಿಟ್ಟು ಸರಿದಳು. ಹೊಲಿಗೆಗೆ ಪೆಟ್ಟಾದೀತು ಎಂದೆ. ಆದರಾಗಲಿ ಎಂದಳು. ನಾನು ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಅವಳ ಹೆಗಲಿಗೆ ತಲೆ ಇಟ್ಟು, ಅಪ್ಪನ ಕಾಲದಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತೆ. ಅವಳು ಸೂಜಿಯಿಲ್ಲದ ಕೈಯಿಂದ ನನ್ನ ತಲೆ ಸವರುತ್ತಿದ್ದಳು. ಅಷ್ಟರಲ್ಲಿ ಕೇದಾರ ಔಷಧಿಯ ಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲೋ ಬೇಡವೋ ಎಂದು ತಿಳಿಯದೆ ನಮ್ಮಿಬ್ಬರನ್ನೂ ನೋಡುತ್ತಿದ್ದ; ಅವನ ಮುಖ ಸಣ್ಣದಾಗಿತ್ತು. ನೋಡಲಿ ಎಂದು ನಾನು ಅವ್ವನಿಗೆ ಇನ್ನಷ್ಟು ಹತ್ತಿರ ಸರಿದೆ.