ಅಂಚೆ ಪಾಠ ಮತ್ತು ಬೆಲ್ಲದ ಡಬ್ಬಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಮನುಷ್ಯನನ್ನು ಸಾವಿನ ಹೊಸ್ತಿಲ ತನಕ ಕಳಿಸಿದ್ದು ಸಕ್ಕರೆ ಕಾಯಿಲೆಯಲ್ಲ, ಕಾಡಾನೆಯೂ ಅಲ್ಲ, ನನ್ನ ಮಂಗಾಟ. ಅದಕ್ಕೆ ನಾನು ‘ರೋಗಿಗಳಿಗೆ ತಿಳಿವಳಿಕೆ’ ಎಂದು ಹೆಸರಿಟ್ಟು, ಇಂಗ್ಲಿಷಿನಲ್ಲಿ ಚೆಂದವಾಗಿ ಬರೆದು, ಲಕೋಟೆಗೆ ಗೋಂದು ಹಚ್ಚಿ, ಮದರಾಸಿಗೆ ಪೋಸ್ಟ್ ಮಾಡಲೆಂದು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ಕರ್ನಾಟಕದಿಂದ ಹೊಸೂರಿಗೆ ಬಂದು ಅವಲಪಲ್ಲಿಯಲ್ಲಿ ಮನೆ ಮಾಡಿದ್ದರು. ನಾನು ಎಂ.ಬಿ.ಬಿ.ಎಸ್. ಮುಗಿಸಿ ಪೇಟೆಯ ಒಂದು ಸಣ್ಣ ಆಸ್ಪತ್ರೆಗೆ ಸೇರಿದ್ದೆ. ಹೊಟ್ಟೆಪಾಡಿಗೆ ಡಾಕ್ಟರಿಕೆ, ಹುಟ್ಟುಗುಣ ಅಣಕ. ನರ್ಸಮ್ಮ ಥರ್ಮಾಮೀಟರ್ ಒದರುವುದು, ಕಾಂಪೌಂಡರ್ ಮಿಕ್ಸ್ಚರ್ ಬಾಟಲಿ ಕುಲುಕಿಸುವಾಗ ಅವನ ಹೊಟ್ಟೆಯೂ ಕುಲುಕುವುದು, ಹೊಸ ರೋಗಿ ಬಂದರೆ ನಾನೇ ಗಂಟಲು ದಪ್ಪ ಮಾಡಿಕೊಂಡು ಇಲ್ಲದ ವಯಸ್ಸನ್ನು ತಂದುಕೊಳ್ಳುವುದು, ಯಾವುದನ್ನೂ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ದೊಡ್ಡ ಡಾಕ್ಟರ ಅಣಕಕ್ಕೆ. ಅವರು ಆಸ್ಪತ್ರೆಯ ಯಜಮಾನರು, ತಮಿಳರು. ಸ್ಟೆತಸ್ಕೋಪನ್ನು ಕೊರಳಲ್ಲೇ ನೇತುಹಾಕಿಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತ “ಎನ್ ಸ್ಟೆತಸ್ಕೋಪ್ ಎಂಗೇಪ್ಪಾ?” ಎಂದು ಕೂಗುವರು. ‘ನನ್ನ ಸ್ಟೆತಸ್ಕೋಪ್ ಎಲ್ಲಪ್ಪಾ’ ಎಂಬ ಆ ಕೂಗನ್ನು ನಾನು ಅವರಿಗಿಂತ ಚೆನ್ನಾಗಿ ಕೂಗುತ್ತಿದ್ದೆ.

ಅಂಚೆ ಪಾಠಕ್ಕೆ ನನ್ನನ್ನು ಸೇರಿಸಿದವರೂ ಅವರೇ. ಕೆಲಸದಲ್ಲಿರುವ ಡಾಕ್ಟರುಗಳು ಕೆಲಸ ಬಿಡದೆ ಸಕ್ಕರೆ ಕಾಯಿಲೆಯ ಬಗ್ಗೆ ಹೆಚ್ಚಿಗೆ ಓದಿ ಡಿಪ್ಲೊಮಾ ಪಡೆಯುವ ಏರ್ಪಾಡು ಅದು. ಪಾಠದ ಪುಸ್ತಿಕೆ ಮದರಾಸಿನಿಂದ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಉತ್ತರ ಅಂಚೆಯಲ್ಲಿ ಹೋಗುತ್ತಿತ್ತು. “ಡಾಕ್ಟ್ರಾದ ಮೇಲೂ ಪೋಸ್ಟಿನಲ್ಲಿ ಓದ್ತೀಯಲ್ಲೋ, ಮೊದಲು ಓದಿದ್ದು ಎಲ್ಲಿ ಹೋಯ್ತು?” ಎಂದು ಅಪ್ಪ ಕೇಳಿದಾಗ, ಅವರದೇ ದನಿಯಲ್ಲಿ ಅದೇ ಪ್ರಶ್ನೆಯನ್ನು ಅವರಿಗೆ ವಾಪಸು ಕೇಳಿ ತಪ್ಪಿಸಿಕೊಂಡಿದ್ದೆ.

ಓದುವ ಮೊದಲು ನನಗೆ ಧೈರ್ಯವಿತ್ತು. ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಕಾಯಿಸಿದಾಗ ಇಟ್ಟಿಗೆ ಬಣ್ಣ ಬಂದರೆ ಸಕ್ಕರೆ ಜಾಸ್ತಿ ಎಂದು ಇನ್ಸುಲಿನ್ ಬರೆದುಕೊಟ್ಟು ಊಟಕ್ಕೆ ಏಳುತ್ತಿದ್ದೆ. ಪಾಠಗಳು ಒಂದೊಂದಾಗಿ ಆ ಧೈರ್ಯವನ್ನು ಕಿತ್ತುಕೊಂಡವು. ಇನ್ಸುಲಿನ್ನಿನಲ್ಲಿ ಎರಡು ಬಲದ ಬಾಟಲಿ, ಎರಡು ಗುರುತಿನ ಸಿರಿಂಜು ಇವೆಯೆಂದು ಗೊತ್ತಿತ್ತು. ಅದಲುಬದಲಾದರೆ ಒಂದು ಡೋಸು ಎರಡಾಗುತ್ತದೆಂದೂ ಗೊತ್ತಿತ್ತು. ಆದರೆ ನನ್ನ ಯಾವ ರೋಗಿಯ ಮನೆಯಲ್ಲಿ ಯಾವ ಸಿರಿಂಜು ಇದೆ ಎಂದು ಕೇಳಿಯೇ ಇರಲಿಲ್ಲ. ಮಾರನೆಯ ದಿನ ಎಲ್ಲರಿಗೂ ಸಿರಿಂಜು ತನ್ನಿ ಎಂದು ಹೇಳಿಕಳಿಸಿ, ತಂದದ್ದನ್ನು ಒಂದೊಂದಾಗಿ ಬಾಟಲಿಯ ಪಕ್ಕ ಹಿಡಿದು ನೋಡಿದೆ.

ಆಮೇಲೆ ಬಂದದ್ದು ಸಕ್ಕರೆ ಇಳಿಯುವ ಪಾಠ. ಸಕ್ಕರೆ ಏರಿದರೆ ಮನುಷ್ಯನನ್ನು ವರ್ಷಗಟ್ಟಲೆ ಸವೆಸುತ್ತದೆ. ಇನ್ಸುಲಿನ್ ಹಾಕಿಕೊಂಡು ಉಣ್ಣದೆ ಸಕ್ಕರೆ ಇಳಿದರೆ ಒಂದು ಬೆಳಗಿನಲ್ಲೇ ಮುಗಿಸಬಹುದು. ಮೊದಲು ಬೆವರು, ನಡುಕ; ಆಮೇಲೆ ಕುಡುಕನ ಹಾಗೆ ತೊದಲು, ಕಾರಣವಿಲ್ಲದ ಸಿಟ್ಟು, ಗುರುತು ಹಿಡಿಯದ ಕಣ್ಣು; ಕೊನೆಗೆ ಬೀಳುವುದು. ಆ ಪಾಠ ಓದಿದ ವಾರವೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಜೋರಾಗಿ ಕೂಗಿದರೂ ಎದ್ದು ಓಡುತ್ತಿದ್ದೆ. ನಾನು ಸೂಜಿ ಹಿಡಿಸಿ ಮನೆಗೆ ಕಳಿಸಿದವರು ಎಲ್ಲೆಲ್ಲೋ ಇದ್ದರು. ಅಂಚೆಟ್ಟಿ ದಾಟಿ ನಾಟ್ರಾಂಪಾಳ್ಯದ ಬೆಟ್ಟದಲ್ಲಿ ಒಬ್ಬರು, ಸಾನಮಾವಿನ ಕಾಡಂಚಿನಲ್ಲಿ ಒಬ್ಬರು.

ಹೆದರಿಕೆಯಾದರೆ ಕೆಲವರು ದೇವರನ್ನು ನೆನೆಯುತ್ತಾರೆ. ನಾನು ಹೆದರಿದ್ದನ್ನೇ ಅಣಕಿಸುತ್ತೇನೆ.

ಅದಕ್ಕೆ ಸರಿಯಾಗಿ ಮದರಾಸಿನವರು ಒಂದು ಕೆಲಸ ಕೊಟ್ಟರು: ಇನ್ಸುಲಿನ್ ತೆಗೆದುಕೊಳ್ಳುವ ರೋಗಿಗಳಿಗೆ, ಅವರ ಮನೆಯವರಿಗೆ ಈ ಲಕ್ಷಣಗಳನ್ನು ಕಲಿಸಿ, ಹೇಗೆ ಕಲಿತರೆಂದು ಬರೆದು ಕಳಿಸಬೇಕು. ಸಂತೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ಕ್ಲಾಸು ಇಟ್ಟೆ. ಜಾಗ ಸಾಲದು ಎಂದು ಜೊತೆಗೆ ಬಂದವರನ್ನೆಲ್ಲ ಆಚೆ ಹೊಂಗೆಮರದ ಕೆಳಗೆ ಕೂರಿಸಿದೆ. ಬಂದವರೆಂದರೆ ಹೆಚ್ಚಾಗಿ ಹೆಂಡತಿಯರು.

ಬಾಯಲ್ಲಿ ಹೇಳಿದ್ದರೆ ಆಗುತ್ತಿತ್ತು. ನಾನು ಹೇಳಲಿಲ್ಲ, ಆಡಿದೆ. ದೊಡ್ಡ ಡಾಕ್ಟರಿಗೇ ಸಕ್ಕರೆ ಇಳಿದರೆ ಹೇಗಿರುತ್ತದೆ ಎಂದು ಆಡಿ ತೋರಿಸಿದೆ. ಚೆಂಬಿನ ನೀರು ತಲೆಗೆ ಸುರಿದುಕೊಂಡು ಬೆವರೆಂದೆ. ಕೈ ನಡುಗಿಸಿದೆ, ತೂರಾಡಿದೆ, ಕಾಂಪೌಂಡರನ್ನು ಹಿಡಿದು “ಯಾರಮ್ಮ ನೀನು?” ಎಂದೆ, “ಎನ್ ಸ್ಟೆತಸ್ಕೋಪ್ ಎಂಗೇಪ್ಪಾ?” ಎಂದು ಕೂಗಿ ಬಿದ್ದೆ. ಬಿದ್ದಲ್ಲಿಂದಲೇ ಕೈ ಚಾಚಿ, “ಬೆಲ್ಲ! ಒಂದು ಉಂಡೆ ಬೆಲ್ಲ!” ಎಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದಿನ ಕ್ಲಾಸಿನಲ್ಲಿ ಸಾನಮಾವು ಕಡೆಯ ರೈತನೊಬ್ಬ ಎದ್ದು, ನಾನು ಆಡಿದ್ದನ್ನೆಲ್ಲ ನನಗಿಂತ ಚೆನ್ನಾಗಿ ಆಡಿದ. ಐವತ್ತರ ಆಸುಪಾಸು, ಕಡ್ಡಿಯಂಥ ಮೈ, ಕಳ್ಳ ಕಣ್ಣು. ನನ್ನ ಜಾತಿಯೇ, ಅಣಕದವರ ಜಾತಿ. ಮುಗಿಸಿ ಕೇಳಿದ:

“ಡಾಕ್ಟ್ರಪ್ಪಾ, ಹಿಂಗೆ ನಡುಗಿದ್ರೆ ಬೆಲ್ಲ ಕೊಡ್ಲೇಬೇಕು ಅಂದ್ರಲ್ಲ, ಇದು ಡಾಕ್ಟ್ರ ಮಾತು ಅಂತ ಮನೇಲಿ ಯೋಳ್ಬೋದಾ?”

“ಧಾರಾಳವಾಗಿ ಹೇಳಿ.”

“ಆಯ್ತು ಬುಡಿ, ಯೋಳ್ತೀನಿ” ಎಂದು ನಕ್ಕ. ಸಕ್ಕರೆ ಕಾಯಿಲೆಯವನಿಗೆ ಬೆಲ್ಲ ನೋಡದೆ ಎಷ್ಟು ದಿನವಾಗಿರುತ್ತದೆ ಎಂದು ನನಗೆ ಹೊಳೆಯಲಿಲ್ಲ. ‘ರೋಗಿಗಳು ಲಕ್ಷಣಗಳನ್ನು ಪೂರ್ತಿ ಕಲಿತಿದ್ದಾರೆ, ತಾವೇ ಮಾಡಿ ತೋರಿಸಬಲ್ಲರು’ ಎಂದು ಬರೆದು ಲಕೋಟೆ ಅಂಟಿಸಿದೆ.

ಪೋಸ್ಟ್ ಮಾಡಬೇಕೆಂದಿದ್ದ ಬೆಳಿಗ್ಗೆ ಅವನ ಹೆಂಡತಿ ಇನ್ಸುಲಿನ್ ಬಾಟಲಿಗೆ ಬಂದಳು. ಅವರ ಮನೆಯಲ್ಲಿ ಫ್ರಿಜ್ಜೆಲ್ಲಿಂದ ಬರಬೇಕು. ಬಾಟಲಿಯನ್ನು ಒದ್ದೆ ಮರಳಿನ ಕುಡಿಕೆಯಲ್ಲಿಟ್ಟು ಕಾಪಾಡುತ್ತಿದ್ದವಳು ಅವಳೇ. ಗಟ್ಟಿ ಹೆಂಗಸು, ಜೋರು ದನಿ.

“ಎಲ್ಲಮ್ಮ ಯಜಮಾನ್ರು?”

“ರಾತ್ರಿಯೆಲ್ಲ ಆನೆ ಕಾದು ಬಂದವ್ನೆ ಸಾಮಿ. ರಾಗಿ ತೆನೆ ಕಟ್ಟೈತಲ್ಲ, ಹೊಲದ ತುಂಬ ಓಡಾಡ್ಬುಟ್ಟವ್ನೆ. ಬೆಳಿಗ್ಗೆ ಬಂದೋನೇ ಸೂಜಿ ಹಾಕ್ಕೊಂಡ. ಹಿಟ್ಟು ಇಕ್ದೆ, ಉಣ್ಣು ಅಂದ್ರೆ ಶುರು ಹಚ್ಕೊಂಡ ನಿಮ್ಮಾಟ.”

“ನನ್ನಾಟವೇ?”

“ಇನ್ಯಾರ್ದು? ದಿನಾ ಹಿಟ್ಟಿನ ಮುಂದೆ ಕೂತು ನಡುಗ್ತಾನೆ, ತೊದಲ್ತಾನೆ, ‘ಬೆಲ್ಲ ತಾ, ಡಾಕ್ಟ್ರೇ ಯೋಳವ್ರೆ’ ಅಂತಾನೆ. ಮೊದ್ಲು ಹೆದ್ರಿ ಕೊಟ್ಟೆ ಸಾಮಿ. ತಿಂದೋನೇ ಕಣ್ಣು ಹೊಡೀತಾನೆ! ಊರ ಹೈಕ್ಳೆಲ್ಲ ನೋಡಕ್ ಬತ್ತವೆ. ಅದ್ಕೇ ಬೆಲ್ಲದ ಡಬ್ಬಿಗೆ ಬೀಗ ಜಡ್ದುಬುಟ್ಟೆ.” ಸೊಂಟದ ಬೀಗದ ಕೈಯನ್ನು ತಟ್ಟಿ ತೋರಿಸಿದಳು.

ನಾನು ನಕ್ಕೆ. ನಿಜ ಹೇಳಬೇಕೆಂದರೆ, ಹೆಮ್ಮೆಯೂ ಆಯಿತು.

“ಇವತ್ತು ಮಾತ್ರ ಬಲೇ ಚೆನ್ನಾಗ್ ಮಾಡ್ದ ಕಣ್ರಿ” ಎಂದು ಅವಳೂ ನಗುತ್ತಲೇ ಹೇಳಿದಳು. “ಹಿಟ್ಟಿನ ತಣಿಗೇನೇ ಒದ್ದುಬುಟ್ಟ. ನನ್ನೇ ನೋಡಿ ಯಾರಮ್ಮ ನೀನು ಅಂದ. ಅಂಗಿ ನೆಂದು ತೊಪ್ಪೆ ಆಗೋಗಿತ್ತು ಬೆವರಾಗೆ. ನೀವು ಚೆಂಬು ನೀರು ಸುರ್ಕಂಡ್ರಂತಲ್ಲ ಅವತ್ತು? ನಮ್ಮನೆ ಕೊಡದಾಗೆ ಒಂದು ತೊಟ್ಟು ನೀರಿರ್ಲಿಲ್ಲ, ನಾನೇ ಆಮ್ಯಾಲೆ ಸೇದ್ಕೊಂಡು ಬಂದೆ. ಅವನು ಎಲ್ಲಿಂದ ತಂದು ಸುರ್ಕಂಡ್ನೋ!”

ನನ್ನ ಬಾಯಲ್ಲಿದ್ದ ನಗು ಅಲ್ಲೇ ಒಣಗಿತು. ನಡುಕ ಆಡಬಹುದು, ತೊದಲು ಆಡಬಹುದು. ನೀರಿಲ್ಲದೆ ಬೆವರನ್ನು ಆಡಲಿಕ್ಕೆ ನನ್ನಿಂದಲೇ ಆಗಿರಲಿಲ್ಲ.

“ಮನೇಲಿ ಯಾರಿದ್ದಾರೆ?”

“ಯಾರಿದ್ದಾರು? ಅವ್ನೊಬ್ಬ.”

“ಬೀಗದ ಕೈ?”

“ಇಲ್ಲೇ ಐತಲ್ಲ ಸಾಮಿ.” ಹೇಳುತ್ತ ಹೇಳುತ್ತ ನನ್ನ ಮುಖ ನೋಡಿದಳು. ಅವಳ ಮುಖದಿಂದಲೂ ನಗು ಇಳಿದುಹೋಯಿತು.

ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿ ಕಾರು ಬೇಕೆಂದೆ. ಅನ್ನಲು ಹೋದೆ, ಅಷ್ಟೇ. ನಾಲಗೆ ತಡವರಿಸಿತು, ಕೈ ನಡುಗುತ್ತಿತ್ತು, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಅವರು ಕನ್ನಡಕದ ಮೇಲಿನಿಂದ ನೋಡಿ, “ಇದು ನಡಿಪ್ಪಾ, ನಿಜಮಾ?” ಎಂದರು. ನಟನೆಯೋ ನಿಜವೋ ಎಂದು. ಹಾಗೆ ಕೇಳಿಸಿಕೊಳ್ಳುವ ಯೋಗ್ಯತೆಯನ್ನು ನಾನೇ ಸಂಪಾದಿಸಿದ್ದೆ. ನಿಜ ಎಂದು ಹೇಳಲೂ ಆಗದೆ ತಲೆಯಾಡಿಸಿದೆ. ಅವರು ಗ್ಲೂಕೋಸಿನ ಆಂಪೂಲುಗಳನ್ನು ಬ್ಯಾಗಿಗೆ ತುಂಬಿ, ತಾವೇ ಫಿಯಟ್ ಕಾರಿನ ಸ್ಟಿಯರಿಂಗಿಗೆ ಕೂತರು.

ಹಿಂದಿನ ಸೀಟಿನಲ್ಲಿ ಅವಳು ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಕಾಡು ಶುರುವಾಗುವ ತಿರುವಿನಲ್ಲಿ ಜನ ಕೈ ಅಡ್ಡ ಮಾಡಿ ಕಾರು ನಿಲ್ಲಿಸಿದರು. ರಾತ್ರಿ ರಾಗಿ ಮೇಯ್ದ ಆನೆಗಳು ಇನ್ನೂ ರಸ್ತೆ ದಾಟಿರಲಿಲ್ಲ. ಬೇರೆ ದಿನವಾಗಿದ್ದರೆ ಕಿವಿ ಬೀಸಿ, ತೋಳನ್ನು ಸೊಂಡಿಲು ಮಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಅವತ್ತು ಆ ದೊಡ್ಡ ಬೂದು ಬೆನ್ನುಗಳು ಪೊದೆಯಾಚೆ ನಿಧಾನಕ್ಕೆ, ಯಾವ ಅವಸರವೂ ಇಲ್ಲದೆ ಸರಿಯುವುದನ್ನು ನೋಡುತ್ತ, ಒಬ್ಬ ಮನುಷ್ಯನ ಮಿದುಳು ಸಕ್ಕರೆಯಿಲ್ಲದೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಪಾಠದಲ್ಲಿ ಬರೆದಿತ್ತೋ ಅದನ್ನು ನೆನಪಿಸಿಕೊಳ್ಳದಿರಲು ಹೆಣಗುತ್ತಿದ್ದೆ. ಜೇಬಿನಲ್ಲಿ ಲಕೋಟೆ ಬೆವರಿಗೆ ಮೆತ್ತಗಾಗಿ ಎದೆಗೆ ಅಂಟಿಕೊಂಡಿತ್ತು. ಪೂರ್ತಿ ಕಲಿತಿದ್ದಾರೆ!

ಮನೆಯ ಮುಂದೆ ಮಕ್ಕಳ ಗುಂಪು. ಒಬ್ಬ ಹುಡುಗ ಹುರಿಹಗ್ಗವನ್ನು ಕೊರಳಿಗೆ ಹಾಕಿಕೊಂಡು ತೂರಾಡುತ್ತ “ಎನ್ ಸ್ಟೆತಸ್ಕೋಪ್ ಎಂಗೇಪ್ಪಾ?” ಎಂದು ಕೂಗುತ್ತಿದ್ದ. ದೊಡ್ಡ ಡಾಕ್ಟರ ಕೈ ತಾನಾಗಿ ಕೊರಳಿಗೆ ಹೋಯಿತು. ಅವರು ನನ್ನ ಕಡೆ ನೋಡಲಿಲ್ಲ.

ಜಗಲಿಯ ಮೇಲೆ ಅವನು ಅಡ್ಡಬಿದ್ದಿದ್ದ. ಬಾಯಿಯ ಮೂಲೆಯಲ್ಲಿ ಜೊಲ್ಲು. ಒಂದು ಕೈ ಬೆರಳು ಮಾತ್ರ ಸೆಟೆದು ಸೆಟೆದು ಬಿಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗಿ ನಮಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. “ಉಶ್! ಸದ್ದು ಮಾಡ್ಬ್ಯಾಡಿ. ಮಾವ ಇವತ್ತು ಸತ್ತೋಗೋ ಆಟ ಆಡ್ತವ್ನೆ.”

ದೊಡ್ಡ ಡಾಕ್ಟರು ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಟ್ಟರು. ನರ ಸಿಕ್ಕಬೇಕು, ಸೂಜಿ ಒಳಗೆ ಹೋಗಬೇಕು, ನನ್ನ ಕೈ ನಿಲ್ಲಬೇಕು. ಮೊದಲ ಸಲ ತಪ್ಪಿತು. “ಮೆಲ್ಲ” ಎಂದರು ಅವರು, ಅಷ್ಟೇ. ಎರಡನೆಯ ಸಲ ಸಿರಿಂಜಿನೊಳಗೆ ಕೆಂಪು ಕಂಡಿತು. ನಿಧಾನಕ್ಕೆ ತಳ್ಳಿದೆ. ಒಂದು ಆಂಪೂಲು ಮುಗಿಯಿತು. ಅವನು ಹಾಗೇ ಇದ್ದ. ಅವನ ಹೆಂಡತಿ ಕಂಬ ಹಿಡಿದು ನಿಂತಿದ್ದಳು, ಅಳುತ್ತಿರಲಿಲ್ಲ, ಉಸಿರಾಡುತ್ತಿದ್ದಳೋ ಇಲ್ಲವೋ. ಎರಡನೆಯದು ಅರ್ಧ ಆಗಿರಬೇಕು, ಸೆಟೆಯುತ್ತಿದ್ದ ಬೆರಳು ಸಡಿಲವಾಯಿತು. ರೆಪ್ಪೆ ಅಲುಗಿತು. ಕಣ್ಣು ಬಿಟ್ಟು ದೊಡ್ಡ ಡಾಕ್ಟರನ್ನು, ನನ್ನನ್ನು, ಮಕ್ಕಳನ್ನು ಒಬ್ಬೊಬ್ಬರನ್ನೇ ನೋಡಿದ.

“ಇದ್ಯಾಕೆ ಎಲ್ಲಾ ಬಂದ್ಬುಟ್ಟಿದ್ದೀರಿ? ನಾನಿನ್ನೂ ಆಟ ಶುರುನೇ ಮಾಡಿಲ್ವಲ್ಲ” ಎಂದ.

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಅಲ್ಲೇ ನೆಲಕ್ಕೆ ಕೂತೆ. ಅವಳು ಒಳಗೆ ಓಡಿ ಡಬ್ಬಿಯ ಬೀಗ ತೆಗೆದು, ಬೆಲ್ಲದ ದೊಡ್ಡ ಉಂಡೆ ತಂದು ಗಂಡನ ಬಾಯಿಗಿಟ್ಟಳು. ಅವನು ಮಗುವಿನ ಹಾಗೆ ಚೀಪಿದ. ಕಣ್ಣು ಹೊಡೆಯಲಿಲ್ಲ.

ಹೆದರಿಕೆ ಇಳಿದ ಜಾಗದಲ್ಲಿ ನನಗೆ ಸಿಟ್ಟು ಬಂತು. ಯಾರ ಮೇಲಾದರೂ ಹಾಕಬೇಕಿತ್ತಲ್ಲ. ಅವಳ ಮೇಲೆ ಹಾಕಿದೆ. ಗಂಟಲು ದಪ್ಪ ಮಾಡಿಕೊಂಡು ಅಂದೆ: “ಬೆವರು ಬಂದರೆ, ಮಾತು ತೊದಲಿದರೆ ತಕ್ಷಣ ಬೆಲ್ಲ ಕೊಡಬೇಕು ಅಂತ ಎಷ್ಟು ಸಲ ಹೇಳಿದ್ದೆ! ಬಾಯಿಪಾಠ ಮಾಡಿಸಿದ್ದೆ. ಆದರೂ ಡಬ್ಬಿಗೆ ಬೀಗ ಹಾಕಿಕೊಂಡು ಬಸ್ಸು ಹತ್ತಿದಿರಲ್ಲಮ್ಮ?”

ಅವಳು ಸೆರಗಿನಿಂದ ಗಂಡನ ಬಾಯಿ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು:

“ಬಾಯಿಪಾಠ ಮಾಡ್ಸಿದ್ದು ಅವನಿಗೆ ಸಾಮಿ. ಆ ಹೊತ್ನಾಗೆ ಅವನಿಗೆ ಅವನ ಹೆಸ್ರೇ ನೆಪ್ಪಿರಕ್ಕಿಲ್ಲ. ಬೆಲ್ಲ ಕೊಡಬೇಕಾದೋಳು ನಾನು. ನನ್ನನ್ನ ಆಚೆ ಮರದಡೀಲಿ ಕೂರ್ಸಿ, ಒಳಗೆ ಯಾರಿಗ್ ಪಾಠ ಯೋಳ್ತಿದ್ರಿ?”